ಹೊಟ್ಟೆಯ ಸಂಕಟ, ಮನಸ್ಸಿನ ಸಂಕಟ

(ಹಿಮವದ್ ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನ ಹಳ್ಳಿಗಳ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ನಮ್ಮ ಆರೋಗ್ಯ ವಿಭಾಗದ ಕಾರ್ಯಕರ್ತೆಯರು ಆಡಿದ ಮಾತುಗಳ ಬರಹ ರೂಪ)



ಬೆಳಗ್ಗೆ ಹಂಗಳ ದಾಟಿ ಈ ಕಡೆ ತಿರುಗಿದಾಗ ಬೆಟ್ಟವೇ ಕಾಣಲಿಲ್ಲ. ಪೂರಾ ಮಂಜು. ಬೆಟ್ಟದ ಬುಡದಲ್ಲಿ ಕಾರು ನಿಲ್ಲಿಸಿ ಸರ್ಕಾರಿ ಬಸ್ಸಿಗೆ ಕಾಯುತ್ತಿದ್ದ ಯಾತ್ರಿಕರು ಆ ಮಂಜನ್ನು ನೋಡಿ ಫೋಟೋ ತೆಗೆದುಕೊಳ್ಳುತ್ತಿದ್ದರು. ನಮ್ಮ ಜೊತೆ ಬಂದ ಸದಸ್ಯೆಯೊಬ್ಬರು ಮಾತ್ರ "ಈ ಮಂಜಲ್ಲಿ ಆನೆ ಯಾವ ಹೊಲದಲ್ಲಿ ನಿಂತದೋ" ಅಂದರು. 1,454 ಮೀಟರ್ ಎತ್ತರದ ಬೆಟ್ಟ ಒಂದೇ. ನೋಡಲು ಬರುವವರಿಗೆ ಒಂದು ಥರ, ಅದರ ಬುಡದಲ್ಲಿ ಬದುಕುವವರಿಗೆ ಇನ್ನೊಂದು ಥರ.

ಇವತ್ತು ಉಳಿತಾಯ, ಬ್ಯಾಂಕ್ ಸಾಲ, ಪುಸ್ತಕ ಬರೆಯುವುದು ಇವುಗಳ ಬಗ್ಗೆ ಮಾತಿಲ್ಲ. ಹೊಟ್ಟೆಯ ಬಗ್ಗೆ ಮಾತು. ಹೊಟ್ಟೆಯ ಮೂಲಕ ಮನಸ್ಸಿನ ಬಗ್ಗೆ. ಇವೆರಡೂ ಬೇರೆ ಬೇರೆ ಅಂತ ನಾವೂ ಬಹಳ ದಿನ ಅಂದುಕೊಂಡಿದ್ದೆವು. ಹೊಟ್ಟೆಗೆ ಗ್ಯಾಸಿನ ಮಾತ್ರೆ, ಮನಸ್ಸಿಗೆ ದೇವರು, ಅಲ್ಲಿಗೆ ಮುಗಿಯಿತು ಅಂತ.

ಆದರೆ ನಮ್ಮ ಮಾತನ್ನೇ ಒಮ್ಮೆ ಕೇಳಿಸಿಕೊಳ್ಳಿ. ವಾಂತಿ ಬರುವ ಹಾಗಾದರೆ "ಹೊಟ್ಟೇಲಿ ಸಂಕಟ" ಅನ್ನುತ್ತೇವೆ. ಮಗಳ ಸಂಸಾರ ಕೆಟ್ಟರೂ "ಸಂಕಟ" ಅನ್ನುತ್ತೇವೆ. ಎರಡಕ್ಕೂ ಒಂದೇ ಪದ. ಮಗು ಬಿದ್ದು ಅತ್ತರೆ ಚುರುಕ್ ಅನ್ನುವುದು ಕರುಳು. ಪಕ್ಕದ ಮನೆಯವರು ಓಲೆ ಮಾಡಿಸಿದರೆ ಉರಿಯುವುದು ಹೊಟ್ಟೆ. ಮಗ ತಪ್ಪು ಮಾಡಿದಾಗ "ಹೊಟ್ಟೆಗೆ ಹಾಕ್ಕೊಳವ್ವ" ಅಂತ ಹಿರಿಯರು ಹೇಳುತ್ತಾರೆ. ನಮ್ಮ ಅಜ್ಜಿಯರಿಗೆ ಗೊತ್ತಿದ್ದ ಈ ಸಂಬಂಧವನ್ನು ವೈದ್ಯರು ಈಗ ನರ, ರಸ, ಸೂಕ್ಷ್ಮಜೀವಿ ಅಂತ ಲೆಕ್ಕ ಹಾಕಿ ತೋರಿಸುತ್ತಿದ್ದಾರೆ.

ಮೊದಲು ನಮ್ಮದೇ ಒಂದು ತಪ್ಪನ್ನು ಹೇಳಬೇಕು. ನಮ್ಮ ಸಂಘವೊಂದರಲ್ಲಿ ಒಬ್ಬ ಸದಸ್ಯೆ ಇದ್ದಾರೆ. ಹೆಸರು, ಊರು ಬೇಡ. ಕಾಡಿನ ಅಂಚಿನಲ್ಲಿ ಎರಡೆಕರೆ ಜಮೀನು. ಬೆಳೆ ಬಂದ ಕಾಲದಲ್ಲಿ ಗಂಡ ರಾತ್ರಿಯೆಲ್ಲ ಅಟ್ಟಣೆ ಮೇಲೆ ಕಾವಲು. ಮನೆಯಲ್ಲಿ ಇವರಿಗೂ ನಿದ್ದೆ ಇಲ್ಲ. ಪಟಾಕಿ ಸದ್ದು ಕೇಳಿದರೆ ಎದೆ ಹಾರುತ್ತದೆ, ಕೇಳದಿದ್ದರೂ ಹಾರುತ್ತದೆ. ಬೆಳಗ್ಗೆ ಆರಕ್ಕೆ ಒಂದು ಲೋಟ ಟೀ ಕುಡಿದು ಚೆಂಡುಹೂ ಬಿಡಿಸಲು ಕೂಲಿಗೆ. ಹನ್ನೊಂದಕ್ಕೋ ಹನ್ನೆರಡಕ್ಕೋ ಮೊದಲ ತುತ್ತು.

ಅವರಿಗೆ ಹೊಟ್ಟೆ ನೋವು ಶುರುವಾಯಿತು. ಉಬ್ಬರ, ಹುಳಿತೇಗು, ಕೆಲವು ದಿನ ಬೆಳಗ್ಗೆಯೇ ನಾಲ್ಕೈದು ಸಲ ಹೊರಗೆ ಹೋಗಬೇಕು, ಕೆಲವು ದಿನ ಮೂರು ದಿನವಾದರೂ ಇಲ್ಲ. ಸಂಘದಲ್ಲಿ ಇಪ್ಪತ್ತು ಸಾವಿರ ಸಾಲ ತೆಗೆದು ಪೇಟೆಯ ಆಸ್ಪತ್ರೆಗೆ ಹೋದರು. ಸ್ಕ್ಯಾನಿಂಗ್ ಆಯಿತು, ಬಾಯಿಂದ ಪೈಪು ಬಿಟ್ಟು ನೋಡಿದ್ದಾಯಿತು. "ಏನೂ ಇಲ್ಲ" ಅಂತ ಬಂತು. ಮನೆಯವರು ಆ ಎರಡು ಪದವನ್ನೇ ಹಿಡಿದುಕೊಂಡರು. "ಏನೂ ಇಲ್ವಂತಲ್ಲ, ಮತ್ಯಾಕೆ ಮಲಗೀಯೆ? ಇದೆಲ್ಲ ನಾಟಕ." ಅವರು ಸಭೆಗೆ ಬರುವುದನ್ನು ಬಿಟ್ಟರು. ನಾವು ಏನು ಮಾಡಿದೆವು ಗೊತ್ತೇ? ನಿಯಮ ನಿಯಮವೇ ಅಂತ ಮೂರು ವಾರ ಗೈರುಹಾಜರಿಗೆ ಹತ್ತು ಹತ್ತು ರೂಪಾಯಿ ದಂಡ ಬರೆದೆವು. ಯಾರೂ ಮನೆಗೆ ಹೋಗಿ ನೋಡಲಿಲ್ಲ.

ನಾಲ್ಕನೆಯ ವಾರ ಹೋದಾಗ ಬಾಗಿಲ ಹಿಂದೆ ಕೂತಿದ್ದರು. "ಸಿಸ್ಟರಮ್ಮ, ಇರದೇ ಬ್ಯಾಡ ಅನ್ಸದು" ಅಂದರು. ನಮಗೆ ಮಾತೇ ಹೊರಡಲಿಲ್ಲ. ಆ ದಿನ ನಮ್ಮಲ್ಲಿ ಒಬ್ಬರು ಒಲೆ ಹಚ್ಚಿ ಗಂಜಿ ಮಾಡಿದರು. ಅಷ್ಟೇ ನಮಗೆ ತೋಚಿದ್ದು. ಆಮೇಲೆ ಯೋಚಿಸಿದಾಗ ಬೈಬಲಿನ ಎಲೀಯ ಪ್ರವಾದಿಯ ಕತೆ ನೆನಪಾಯಿತು. ರಾಣಿಗೆ ಹೆದರಿ ಅರಣ್ಯಕ್ಕೆ ಓಡಿಹೋದ ಎಲೀಯ ಒಂದು ಗಿಡದ ಕೆಳಗೆ ಕೂತು ಸಾವನ್ನು ಬೇಡುತ್ತಾನೆ, ಹಾಗೇ ನಿದ್ದೆ ಹೋಗುತ್ತಾನೆ. ದೇವದೂತ ಬಂದವನು ಬುದ್ಧಿಮಾತು ಹೇಳುವುದಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಟ್ಟು ಎದ್ದು ಉಣ್ಣು ಅನ್ನುತ್ತಾನೆ. ಮತ್ತೆ ಮಲಗಲು ಬಿಡುತ್ತಾನೆ, ಮತ್ತೊಮ್ಮೆ ಎಬ್ಬಿಸಿ ಉಣಿಸುತ್ತಾನೆ. ದೇವರ ಮಾತು ಆಮೇಲೆ. ನಮ್ಮಲ್ಲಿ ಎಲ್ಲ ಧರ್ಮದ ಅಕ್ಕಂದಿರೂ ಇದ್ದೀರಿ; ಇದು ಯಾರಿಗಾದರೂ ಅರ್ಥವಾಗುವ ಕತೆ ಅಂತ ಹೇಳಿದೆವು.

ಈಗ ಒಳಗೆ ಏನು ನಡೆಯುತ್ತದೆ ಅಂತ ನೋಡೋಣ. ನಮ್ಮ ಅನ್ನನಾಳದಿಂದ ಕೊನೆಯ ಕರುಳಿನವರೆಗೆ ಗೋಡೆಯೊಳಗೆ ಹತ್ತು ಕೋಟಿಗೂ ಹೆಚ್ಚು ನರಕೋಶಗಳಿವೆ. ತಲೆಯಿಂದ ಹೊಟ್ಟೆಗೆ ಇಳಿಯುವ ಒಂದು ದೊಡ್ಡ ನರವಿದೆ. ವೇಗಸ್ ಅಂತ ಅದರ ಹೆಸರು. ತಲೆ ಹೊಟ್ಟೆಗೆ ಹುಕುಂ ಕಳಿಸುವ ತಂತಿ ಅದು ಅಂತ ಅಂದುಕೊಳ್ಳುತ್ತೇವೆ. ನಿಜ ಬೇರೆ. ಆ ನರದ ಎಳೆಗಳಲ್ಲಿ ನೂರಕ್ಕೆ ಎಂಬತ್ತರಷ್ಟು ಕೆಳಗಿನಿಂದ ಮೇಲಕ್ಕೆ ಸುದ್ದಿ ಒಯ್ಯುತ್ತವೆ. ಅಂದರೆ ಹೊಟ್ಟೆಯೇ ಹೆಚ್ಚು ಮಾತಾಡುತ್ತದೆ, ತಲೆ ಹೆಚ್ಚು ಕೇಳಿಸಿಕೊಳ್ಳುತ್ತದೆ. ಒಕ್ಕೂಟದ ಸಭೆಯೂ ಹಾಗೇ ನಡೆದರೆ ಎಷ್ಟು ಚೆನ್ನ!

ಮನಸ್ಸು ಕೆಟ್ಟರೆ ಹೊಟ್ಟೆ ಕೆಡುತ್ತದೆ ಅನ್ನುವುದನ್ನು ಒಬ್ಬ ವೈದ್ಯರು ಕಣ್ಣಾರೆ ಕಂಡಿದ್ದರು. 1822ರಲ್ಲಿ ಅಮೆರಿಕದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಕೂಲಿಯಾಳಿಗೆ ಹೊಟ್ಟೆಗೆ ಗುಂಡು ತಗುಲಿತು. ಜೀವ ಉಳಿಯಿತು, ಆದರೆ ಹೊಟ್ಟೆಯ ತೂತು ಮುಚ್ಚಲಿಲ್ಲ. ವಿಲಿಯಂ ಬ್ಯೂಮಾಂಟ್ ಎಂಬ ವೈದ್ಯರು ಆ ತೂತಿನಿಂದ ಜಠರವನ್ನು ವರ್ಷಗಟ್ಟಲೆ ನೋಡಿ 1833ರಲ್ಲಿ ಪುಸ್ತಕ ಮಾಡಿದರು. ಆ ಮನುಷ್ಯನಿಗೆ ಸಿಟ್ಟು ಬಂದರೆ ಜಠರದ ಒಳಗೂ ಬದಲಾವಣೆ ಕಾಣುತ್ತಿತ್ತು. ಬಡವನ ಹೊಟ್ಟೆಯನ್ನು ಹೀಗೆ ಕಿಟಕಿ ಮಾಡಿಕೊಂಡದ್ದು ಸರಿಯೇ ಅನ್ನುವುದು ಬೇರೆ ಪ್ರಶ್ನೆ. ನಮಗಂತೂ ಸರಿ ಅನ್ನಿಸುವುದಿಲ್ಲ.

ಹೊಟ್ಟೆ ಕೆಟ್ಟರೆ ಮನಸ್ಸು ಕೆಡುತ್ತದೆಯೇ? ಇದಕ್ಕೆ ಕೆನಡಾ ದೇಶದ ವಾಕರ್ಟನ್ ಎಂಬ ಊರಿನ ಸಂಗತಿ ಹೇಳುತ್ತೇವೆ. ಸುಮಾರು ಐದು ಸಾವಿರ ಜನರ ಊರು. 2000ದ ಮೇ ತಿಂಗಳಲ್ಲಿ ಜೋರು ಮಳೆಗೆ ಹೊಲದ ಸಗಣಿ ಗೊಬ್ಬರ ತೊಳೆದು ಕುಡಿಯುವ ನೀರಿನ ಬಾವಿ ಸೇರಿತು. ನೀರಿಗೆ ಕ್ಲೋರಿನ್ ಹಾಕಬೇಕಾದವರು ಸರಿಯಾಗಿ ಹಾಕಿರಲಿಲ್ಲ. 2,300 ಜನ ಕಾಯಿಲೆ ಬಿದ್ದರು, ಏಳು ಜನ ಸತ್ತರು. ಭೇದಿ ನಿಂತಿತು, ಆದರೆ ಕತೆ ನಿಲ್ಲಲಿಲ್ಲ. ಎರಡು ಮೂರು ವರ್ಷದ ಮೇಲೆ ವೈದ್ಯರು ಅದೇ ಜನರನ್ನು ಕೇಳಿದಾಗ, ಆಗ ಕಾಯಿಲೆ ಬಿದ್ದಿದ್ದು ಖಚಿತವಾಗಿದ್ದವರಲ್ಲಿ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಹೊಟ್ಟೆ ನೋವು, ಉಬ್ಬರ, ಭೇದಿ, ಮಲಬದ್ಧತೆ ಬಂದು ಹೋಗಿ ಮಾಡುತ್ತಿತ್ತು. ಕಾಯಿಲೆ ಬೀಳದವರಲ್ಲಿ ಹತ್ತರಲ್ಲಿ ಒಬ್ಬರಿಗೆ ಮಾತ್ರ. ಆ ನೀರು ಕುಡಿದು ನರಳಿದವರಲ್ಲಿ ಮನಸ್ಸಿನ ಖಿನ್ನತೆಯ ಲಕ್ಷಣಗಳೂ ಹೆಚ್ಚಾಗಿದ್ದವು. ಭೇದಿ ಎರಡು ದಿನದ್ದು ಅಂತ ನಾವು ಸುಮ್ಮನಾಗುತ್ತೇವೆ. ನಮ್ಮೂರಿನ ನೀರಿನ ಟ್ಯಾಂಕ್ ತೊಳೆದದ್ದು ಯಾವಾಗ, ಕ್ಲೋರಿನ್ ಹಾಕಿದ್ದು ಯಾವಾಗ ಅಂತ ಗ್ರಾಮಸಭೆಯಲ್ಲಿ ಕೇಳುವುದು ಮನಸ್ಸಿನ ಆರೋಗ್ಯದ ಪ್ರಶ್ನೆಯೂ ಹೌದು. ಮಳೆಗಾಲ ಶುರುವಾದ ಮೇಲಂತೂ ಕುದಿಸಿದ ನೀರನ್ನೇ ಕುಡಿಯಿರಿ.

ಸ್ಕ್ಯಾನಿಂಗಿನಲ್ಲಿ ಏನೂ ಕಾಣದೆ ಹೀಗೆ ಕಾಡುವ ತೊಂದರೆಗೆ ಐಬಿಎಸ್ ಅಂತ ವೈದ್ಯರು ಹೆಸರಿಟ್ಟಿದ್ದಾರೆ. ಕರುಳಿನ ನರಗಳು ಸಣ್ಣದಕ್ಕೂ ಬೆಚ್ಚಿಬೀಳುವ ಸ್ಥಿತಿ ಅನ್ನಿ. ಕರುಳಿನಲ್ಲಿ ಹುಣ್ಣಿಲ್ಲ, ಗಡ್ಡೆಯಿಲ್ಲ, ಆದರೆ ನೋವು ನಿಜ. "ಏನೂ ಇಲ್ಲ" ಅಂದರೆ "ಕಾಯಿಲೆಯೇ ಇಲ್ಲ" ಅಂತಲ್ಲ. ನಮ್ಮ ಆ ಸದಸ್ಯೆಗೆ ಸರ್ಕಾರಿ ಆಸ್ಪತ್ರೆಯ ಒಬ್ಬ ವೈದ್ಯೆ ಇದನ್ನು ಕಾಲು ಗಂಟೆ ಕೂತು ವಿವರಿಸಿದರು. "ನಿನ್ನ ನೋವು ಸುಳ್ಳಲ್ಲ ಕನಮ್ಮ" ಅಂದರಂತೆ. ಅರ್ಧ ಕಾಯಿಲೆ ಅಲ್ಲೇ ಇಳಿಯಿತು ಅಂತ ಅವರೇ ನಮಗೆ ಹೇಳಿದರು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಎಂಟು. ಹೆಂಗಸರಿಗೆ ಹನ್ನೆರಡಾದರೂ ಇರಬೇಕು.

ಈ ರಕ್ತದ ವಿಷಯದಲ್ಲಿ ವಸಿ ನಿಲ್ಲೋಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆ. ಈ ಚಾಪೆಯ ಮೇಲೆ ಕೂತವರಲ್ಲಿ ಸುಮಾರು ಅರ್ಧ. ರಕ್ತ ಕಡಿಮೆಯಾದವರಿಗೆ ಸುಸ್ತು, ಎದೆ ಬಡಿತ, ಯಾವುದರಲ್ಲೂ ಆಸೆ ಇಲ್ಲದಿರುವುದು, ಮಕ್ಕಳ ಮೇಲೆ ರೇಗುವುದು. ಮನೆಯಲ್ಲಿ ಇದಕ್ಕೆ ಸೋಮಾರಿತನ ಅಂತಲೋ, ಗಾಳಿ ಸೋಕಿದೆ ಅಂತಲೋ ಹೆಸರು. ಕರುಳಿನಲ್ಲಿ ಕೊಕ್ಕೆಹುಳು ಕೂತು ರಕ್ತ ಹೀರುತ್ತಿದ್ದರೂ ಹೀಗಾಗುತ್ತದೆ. ಬರಿಗಾಲಲ್ಲಿ ತೋಟಕ್ಕೆ ಹೋಗುವವರ ಪಾದದ ಚರ್ಮದ ಮೂಲಕ ಅದರ ಮರಿ ಒಳಗೆ ಸೇರುತ್ತದೆ. ಚಪ್ಪಲಿ, ಶೌಚಾಲಯ, ವೈದ್ಯರು ಹೇಳಿದಂತೆ ಹುಳುವಿನ ಮಾತ್ರೆ, ಕಬ್ಬಿಣದ ಮಾತ್ರೆ. ಕಬ್ಬಿಣದ ಮಾತ್ರೆಯನ್ನು ಟೀ ಜೊತೆ ನುಂಗಬೇಡಿ, ಮೈಗೆ ಹತ್ತುವುದಿಲ್ಲ. ನಿಂಬೆಹಣ್ಣಿನ ಪಾನಕದ ಜೊತೆ ಒಳ್ಳೆಯದು.

ಇನ್ನು ಗ್ಯಾಸಿನ ಮಾತ್ರೆ. ಕೈ ಎತ್ತಿ ಅಂದರೆ ಅರ್ಧ ಸಭೆ ಎತ್ತುತ್ತೀರಿ. ಕೆಲವರ ಸೆರಗಿನ ಗಂಟಿನಲ್ಲೇ ಇರುತ್ತದೆ. ವೈದ್ಯರು ಬರೆದುಕೊಟ್ಟದ್ದನ್ನು ನೀವೇ ನಿಲ್ಲಿಸಬೇಡಿ. ಆದರೆ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಕೇಳಿ ವರ್ಷಗಟ್ಟಲೆ ನುಂಗುವುದು ಬೇರೆ. ಹೊಟ್ಟೆಯ ಹುಳಿ ಬಹಳ ಕಾಲ ಇಳಿದಿದ್ದರೆ ಬಿ-12 ಎಂಬ ಜೀವಸತ್ವ ಆಹಾರದಿಂದ ಸರಿಯಾಗಿ ಸಿಗುವುದಿಲ್ಲ. ಬಿ-12 ಕಡಿಮೆಯಾದರೆ ಕೈಕಾಲು ಜೋಮು, ಮರೆವು, ಮಂಕು. ಅದು ಸಿಗುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ. ಸೊಪ್ಪು ತರಕಾರಿಯಲ್ಲಿ ಇಲ್ಲ. ಮಾಂಸ ಮೊಟ್ಟೆ ತಿನ್ನದ ಮನೆಗಳಲ್ಲಿ ಹಾಲೆಲ್ಲ ಡೇರಿಗೆ ಹೋಗಿ, ಹೆಂಗಸಿನ ಪಾಲಿಗೆ ಟೀಗೆ ಹಾಕಿದ ಎರಡು ಚಮಚ ಉಳಿದರೆ ಇನ್ನೆಲ್ಲಿಂದ ಬರಬೇಕು?

ಕರುಳಿನಲ್ಲಿ ಬರೀ ಹುಳು ಅಲ್ಲ, ಒಳ್ಳೆಯ ಜೀವಿಗಳೂ ಇವೆ. ಕಣ್ಣಿಗೆ ಕಾಣದ ಆ ಸೂಕ್ಷ್ಮಜೀವಿಗಳ ಲೆಕ್ಕ ನಮ್ಮ ಮೈಯ ಜೀವಕೋಶಗಳಷ್ಟೇ ಆಗುತ್ತದೆ. ಅವುಗಳಿಗೆ ಬೇಕಾದ ಮೇವು ನಾರು. ನಾವು ಅರಗಿಸಲಾಗದ ನಾರನ್ನು ಅವು ತಿಂದು ಕರುಳಿನ ಗೋಡೆಗೆ ಒಳಿತಾಗುವ ಪದಾರ್ಥ ಮಾಡಿಕೊಡುತ್ತವೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪಟ್ಟಿಯಲ್ಲಿ ನೂರು ಗ್ರಾಂ ರಾಗಿಯಲ್ಲಿ ಹನ್ನೊಂದು ಗ್ರಾಂ ನಾರು, ಪಾಲಿಷ್ ಅಕ್ಕಿಯಲ್ಲಿ ಮೂರು ಗ್ರಾಮಿಗೂ ಕಡಿಮೆ. 2013ರ ಜುಲೈಯಲ್ಲಿ ಅನ್ನಭಾಗ್ಯ ಬಂತು, ಹಸಿವು ಇಳಿಯಿತು, ಅದನ್ನು ಮರೆಯಬಾರದು. ಆದರೆ ಮೂರು ಹೊತ್ತೂ ಬಿಳಿ ಅನ್ನ, ತಿಳಿಸಾರು ಆಗಿಬಿಟ್ಟರೆ ಕರುಳಿನ ಜೀವಿಗಳು ಉಪವಾಸ. ರಾಗಿ ಮುದ್ದೆ, ಬಿಳಿಜೋಳ, ಹುರುಳಿಕಟ್ಟು, ಅವರೆ, ಹಲಸಂದೆ, ಬೆರಕೆ ಸೊಪ್ಪು, ಮಜ್ಜಿಗೆ ಇವೆಲ್ಲ ನಿಮ್ಮ ಮನೆಯವೇ. ಕುಂಡದಲ್ಲೂ ಬೆಳೆಯುವ ಸೊಪ್ಪನ್ನು ನಾವು ಹೇಳಿಕೊಡಬೇಕಾಗಿಲ್ಲ. ಹೊಟ್ಟೆ ಉಬ್ಬರದವರು ಕಾಳನ್ನು ಒಂದೇ ಸಲ ಹೆಚ್ಚು ಮಾಡಬೇಡಿ. ನೆನೆಸಿ, ಮೊಳಕೆ ಕಟ್ಟಿ, ಸ್ವಲ್ಪ ಸ್ವಲ್ಪ ಶುರುಮಾಡಿ.

ಊಟ ಬದಲಾದರೆ ಮನಸ್ಸು ಬದಲಾದೀತೇ ಅಂತ ಆಸ್ಟ್ರೇಲಿಯಾದಲ್ಲಿ ಪರೀಕ್ಷೆ ಮಾಡಿದ್ದಾರೆ. ಫೆಲಿಸ್ ಜಾಕಾ ಎಂಬ ಮಹಿಳೆಯ ತಂಡ 2017ರಲ್ಲಿ ಪ್ರಕಟಿಸಿತು. ಖಿನ್ನತೆಯಿಂದ ಬಳಲುವ 67 ಜನ. ಅರ್ಧ ಜನಕ್ಕೆ ಹನ್ನೆರಡು ವಾರ ತೌಡು ತೆಗೆಯದ ಧಾನ್ಯ, ಕಾಳು, ತರಕಾರಿ, ಹಣ್ಣು, ಮೀನು ಇಂಥ ಊಟಕ್ಕೆ ಸಹಾಯ. ಉಳಿದವರ ಜೊತೆ ಕೂತು ಸ್ನೇಹದ ಮಾತುಕತೆ. ಕೊನೆಗೆ ಊಟ ಬದಲಿಸಿದವರಲ್ಲಿ ನೂರಕ್ಕೆ 32 ಮಂದಿ, ಬರೀ ಮಾತುಕತೆಯವರಲ್ಲಿ 8 ಮಂದಿ ಖಿನ್ನತೆಯಿಂದ ಹೊರಬಂದರು. ಸಣ್ಣ ಪರೀಕ್ಷೆ. ಮೂರರಲ್ಲಿ ಇಬ್ಬರಿಗೆ ಊಟದಿಂದಲೂ ಪೂರಾ ಗುಣ ಆಗಲಿಲ್ಲ ಅನ್ನುವುದನ್ನೂ ನೋಡಬೇಕು. ಅವರಲ್ಲಿ ಹೆಚ್ಚಿನವರು ಚಿಕಿತ್ಸೆಯನ್ನೂ ನಿಲ್ಲಿಸಿರಲಿಲ್ಲ. ಹಾಗಾಗಿ ಮುದ್ದೆ ಮಜ್ಜಿಗೆ ಉಂಡರೆ ಮನೋವೈದ್ಯರ ಮಾತ್ರೆ ಬೇಡ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಡಬ್ಬಿಯಲ್ಲಿ ಪುಡಿ ತುಂಬಿ "ಕರುಳು ಶುದ್ಧಿ, ಮನಸ್ಸು ಶುದ್ಧಿ" ಅಂತ ಮಾರಲು ಬರುವವರಿಗೂ ಸಂಘದ ದುಡ್ಡು ಕೊಡಬೇಡಿ.

ಇನ್ನೊಂದು ಕಡೆಗೂ ಬೀಳಬಾರದು. ಎಲ್ಲ ಹೊಟ್ಟೆನೋವೂ ಚಿಂತೆಯಿಂದಲ್ಲ. ಹೊಟ್ಟೆಹುಣ್ಣು ಟೆನ್ಷನ್‌ನಿಂದ ಅಂತ ವೈದ್ಯಲೋಕವೇ ನಂಬಿದ್ದ ಕಾಲದಲ್ಲಿ ಬ್ಯಾರಿ ಮಾರ್ಷಲ್ ಎಂಬ ವೈದ್ಯ 1984ರಲ್ಲಿ ಒಂದು ಬ್ಯಾಕ್ಟೀರಿಯಾವನ್ನು ತಾನೇ ಕುಡಿದು ಹೊಟ್ಟೆ ಕೆಡಿಸಿಕೊಂಡು ತೋರಿಸಿದರು. 2005ರಲ್ಲಿ ಅವರಿಗೂ ರಾಬಿನ್ ವಾರೆನ್‌ರಿಗೂ ನೊಬೆಲ್ ಬಂತು. ಮಲದಲ್ಲಿ ರಕ್ತ ಅಥವಾ ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯುವುದು, ನುಂಗಲು ಕಷ್ಟ, ನಿಲ್ಲದ ವಾಂತಿ, ಜ್ವರ, ನಿದ್ದೆಯಿಂದ ಎಬ್ಬಿಸುವ ನೋವು, ಐವತ್ತರ ಆಸುಪಾಸಿನಲ್ಲಿ ಹೊಸದಾಗಿ ಶುರುವಾದ ತೊಂದರೆ. ಇವುಗಳಲ್ಲಿ ಒಂದಿದ್ದರೂ ಮೊದಲು ಆಸ್ಪತ್ರೆ. ಅಲ್ಲಿ "ಟೆನ್ಷನ್ ಮಾಡ್ಕೋಬೇಡಿ" ಅಂತ ಬರೀ ಮಾತಲ್ಲಿ ಕಳಿಸಿದರೆ ಇನ್ನೊಬ್ಬ ವೈದ್ಯರನ್ನು ಕೇಳಿ.

ಸಾಲದ ಮಾತಿಲ್ಲ ಅಂದೆವು, ಆದರೆ ಬಿಡಲಾಗದು. "ಕಂತಿನ ದಿನ ಬೆಳಗ್ಗೆಯೇ ಹೊಟ್ಟೆ ಕೆಡ್ತದೆ" ಅಂತ ಒಬ್ಬರು ಹೇಳಿದಾಗ ಎಲ್ಲರೂ ನಕ್ಕರು. ನಗುವ ವಿಷಯವಲ್ಲ, ಬ್ಯೂಮಾಂಟ್ ಕಂಡದ್ದು ಅದನ್ನೇ. 2025ರ ಜನವರಿಯಲ್ಲಿ ನಮ್ಮ ಚಾಮರಾಜನಗರ ಜಿಲ್ಲೆಯಲ್ಲೇ ಮೈಕ್ರೋಫೈನಾನ್ಸ್ ವಸೂಲಿಯ ಕಾಟಕ್ಕೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ಪತ್ರಿಕೆಗಳಲ್ಲಿ ಬಂತು. ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿ ತಡೆಯುವ ಸುಗ್ರೀವಾಜ್ಞೆ ತಂದಿತು. ಬಾಗಿಲಲ್ಲಿ ಕೂತು ಬೈಯುವವರ ಮೇಲೆ ಪೊಲೀಸರಿಗೆ ದೂರು ಕೊಡಬಹುದು. ಒಬ್ಬರೇ ಹೋಗಬೇಡಿ, ಸಂಘದವರು ನಾಲ್ಕು ಜನ ಜೊತೆಗೆ ಹೋಗಿ. ಇದೂ ಹೊಟ್ಟೆಗೆ ಔಷಧಿಯೇ.

ಮನಸ್ಸಿನ ಭಾರಕ್ಕೆ 14416 ಅಂತ ಟೆಲಿ ಮನಸ್ ಫೋನ್ ಇದೆ. 2022ರ ಅಕ್ಟೋಬರ್ 10ರಂದು ಶುರುವಾಯಿತು, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಗುಂಡ್ಲುಪೇಟೆಯಲ್ಲಿ ಮನೋವೈದ್ಯರು ಸಿಗುವ ದಿನ ಯಾವುದು ಅಂತ ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ ಹೋಗಿ. ಯಾರಾದರೂ "ಇರದೇ ಬ್ಯಾಡ" ಅಂದರೆ ಬೈಯಬೇಡಿ, ಮಾತು ಬದಲಿಸಬೇಡಿ. ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಆ ರಾತ್ರಿ ಒಬ್ಬರನ್ನೇ ಬಿಡಬೇಡಿ, ಹೊಲಕ್ಕೆ ಹೊಡೆಯುವ ಔಷಧಿ ಡಬ್ಬವನ್ನು ಮನೆಯಿಂದ ಹೊರಗೆ ಸಾಗಿಸಿ.

ನಮ್ಮ ಸದಸ್ಯೆ ಈಗ ಸಭೆಗೆ ಬರುತ್ತಾರೆ. ಪೂರಾ ಗುಣವಾಗಿದೆ ಅಂತ ಹೇಳುವುದಿಲ್ಲ. ಆನೆ ಬಂದ ವಾರ ಹೊಟ್ಟೆ ಮತ್ತೆ ಕೆಡುತ್ತದೆ. ರಕ್ತ ಹತ್ತೂವರೆಗೆ ಏರಿದೆ, ಮನೋವೈದ್ಯರ ಮಾತ್ರೆಯೂ ನಡೆದಿದೆ. ಕೂಲಿಗೆ ಹೊರಡುವ ಮುಂಚೆ ತಂಗಳು ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ ಕುಡಿಯುತ್ತಾರೆ, ಟೀ ಆಮೇಲೆ. ಹೊಲದಲ್ಲಿ ಮರೆ ಇಲ್ಲ ಅಂತ ದಿನವಿಡೀ ನೀರು ಕುಡಿಯದೆ ಇರುತ್ತಿದ್ದರು. ಈಗ ಕೂಲಿಯವರು ಇಬ್ಬಿಬ್ಬರು ಜೊತೆಯಾಗಿ ಹೋಗಿ ಬರುತ್ತಾರೆ. ಅವರ ಮೂವತ್ತು ರೂಪಾಯಿ ದಂಡವನ್ನು ಸಂಘ ವಾಪಸು ಕೊಟ್ಟಿತು. ಹಾಜರಿ ಕೂಗಿದ ಮೇಲೆ, ಬಾರದವರ ಮನೆಗೆ ಅವತ್ತೇ ಇಬ್ಬರು ಹೋಗಿ ಬರಬೇಕು ಅಂತ ಆ ಸಂಘದವರು ನಿರ್ಣಯ ಬರೆದುಕೊಂಡಿದ್ದಾರೆ. ನಿಮ್ಮ ಸಂಘದಲ್ಲೂ ಇವತ್ತು ಆ ಮಾತು ಚರ್ಚೆಗೆ ಬರಲಿ.

ಗಂಟೆ ಒಂದೂವರೆ ಆಯಿತು. ಮುದ್ದೆ, ಹುರುಳಿಕಟ್ಟಿನ ಸಾರು ತಣ್ಣಗಾಗುತ್ತಿದೆ. ಪ್ರಶ್ನೆಗಳನ್ನು ಊಟದ ಮೇಲೆ ಕೇಳಿ. ಅಡುಗೆ ಮಾಡಿದ ಅಕ್ಕಂದಿರು ಮೊದಲ ಸಾಲಿನಲ್ಲಿ ಕೂತುಕೊಳ್ಳಿ. ಬಡಿಸುವುದು ಇವತ್ತು ನಾವು.